ಸಂಪಿನ ಮುಚ್ಚಳದ ವಿಷಯ: ಭಾನುವಾರ ಯಾರ್ಯಾರು ಬರುತ್ತೀರಿ?

ಮನೆ 18: ನಿನ್ನೆ ಸಂಜೆ ಟ್ಯಾಂಕರ್ ಆಗಷ್ಟೇ ಹೋಗಿತ್ತು. ನಮ್ಮ ಸಂಪಿನ ಮುಚ್ಚಳ ತೆಗೆದೇ ಇತ್ತು. ಎದುರುಮನೆಯ ಎರಡು ವರ್ಷದ ಮಗು ಚೆಂಡಿನ ಹಿಂದೆ ಓಡಿ ಬಂತು. ಚೆಂಡು ಒಳಗೆ ಬಿತ್ತು. ಮಗುವನ್ನು ಹೂ ಮಾರುವ ಅಮ್ಮ ರಟ್ಟೆ ಹಿಡಿದು ಎಳೆದುಕೊಂಡರು. ತಪ್ಪು ನನ್ನದೇ. ಮೋಟಾರ್ ಹಾಕಲು ಒಳಗೆ ಹೋದೆ, ಅಷ್ಟರಲ್ಲಿ ಫೋನ್ ಬಂತು. ರಾತ್ರಿಯೆಲ್ಲ ನಿದ್ದೆಯಿಲ್ಲ.

ಮನೆ 7: ಅಯ್ಯೋ ದೇವರೇ. ನಮ್ಮದೂ ಅದೇ ಕತೆ ಮೇಡಂ. ಕಾವೇರಿ ನೀರು ಎಷ್ಟು ತುಂಬಿತು ಅಂತ ಬಗ್ಗಿ ನೋಡುವುದು, ಹಾಗೇ ಬಿಟ್ಟು ಒಳಗೆ ಹೋಗುವುದು.

ಮನೆ 31: ಎಲ್ಲರೂ ಬೀಗ ಹಾಕಿ. ಮುಗೀತು. ಇದಕ್ಕೆ ಇಷ್ಟೊಂದು ಮೆಸೇಜ್ ಯಾಕೆ?

ಮನೆ 7: ಬೆಳಗಿನ ಜಾವ ನಾಲ್ಕಕ್ಕೆ ಟ್ಯಾಂಕರ್ ಬಂದರೆ ಬೀಗದ ಕೈ ಯಾರು ಕೊಡುತ್ತಾರೆ ಸರ್? ನಮ್ಮ ಓನರ್ ಇರುವುದು ತುಮಕೂರಿನಲ್ಲಿ.

ಮನೆ 25: ಬೀಗ ಒಳ್ಳೆಯದೇ. ಆದರೆ ತೆಗೆದ ಹೊತ್ತಿನಲ್ಲೇ ಅಲ್ವಾ ಅಪಾಯ? ನಾವು ಮುಚ್ಚಳದ ಕೆಳಗೆ ಒಂದು ಗ್ರಿಲ್ ಕೂರಿಸಿದ್ದೇವೆ. ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಜಾಗ. ಟ್ಯಾಂಕರ್ ಪೈಪು ತೂರುತ್ತದೆ, ಮಗು ತೂರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನದೇ ಮಾಡಿಸಿ, ಕಬ್ಬಿಣ ಸಂಪಿನ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಸಂಪು ತೊಳೆಯುವಾಗ ಎತ್ತಲು ಬರಬೇಕು, ಆದ್ದರಿಂದ ಬೆಸುಗೆ ಬೇಡ, ಕೀಲು ಇರಲಿ, ಅದಕ್ಕೊಂದು ಬೀಗ. ಕಾವೇರಿ ಪೈಪಿಗೆ ತೇಲುವ ಚೆಂಡಿನ ಬಾಲ್ ವಾಲ್ವ್ ಹಾಕಿಸಿದರೆ ತುಂಬಿದ ಮೇಲೆ ನೀರು ತಾನೇ ನಿಲ್ಲುತ್ತದೆ. ಬಗ್ಗಿ ನೋಡುವ ಕೆಲಸವೇ ಇಲ್ಲ.

ಮನೆ 3: ನಮ್ಮೂರಿನ ಬಾವಿಗೆ ಸೊಂಟದೆತ್ತರ ಕಟ್ಟೆ ಇತ್ತಪ್ಪ. ಈಗ ಆರಡಿ ಉದ್ದ, ಆರಡಿ ಅಗಲ, ಆರಡಿ ಆಳ ತೋಡಿ ಆರು ಸಾವಿರ ಲೀಟರ್ ತುಂಬುತ್ತೀರಿ, ಬಾಯಿ ಮಾತ್ರ ನೆಲದ ಮಟ್ಟಕ್ಕೆ. ಕಾರು ಹತ್ತಬೇಕಲ್ಲ!

ಮನೆ 12: ನಾನು ನರ್ಸ್. ಒಂದು ಮಾತು. ಮುಳುಗುವ ಮಗು ಕೂಗುವುದಿಲ್ಲ, ಸದ್ದೇ ಆಗುವುದಿಲ್ಲ. ಮಗು ಕಾಣದಿದ್ದರೆ ಮೊದಲು ಸಂಪು, ಬಚ್ಚಲುಮನೆ ನೋಡಿ. ಮಂಚದ ಕೆಳಗೆ ಆಮೇಲೆ. ಬಕೆಟ್ಟಿನ ತಳದ ಎರಡು ಇಂಚು ನೀರೂ ಸಾಕು. ಪುಟ್ಟ ಮಕ್ಕಳಿಗೆ ತಲೆಯೇ ಭಾರ, ಮುಗ್ಗರಿಸಿದರೆ ಎತ್ತಲು ಆಗುವುದಿಲ್ಲ. ಹೊರಗೆ ತೆಗೆದ ಮೇಲೆ ತಲೆಕೆಳಗೆ ಹಿಡಿಯಬೇಡಿ, ಹೊಟ್ಟೆ ಒತ್ತಬೇಡಿ. ಉಸಿರಾಡದಿದ್ದರೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಓದಿದರೆ ಬರುವುದಿಲ್ಲ, ಕೈಯಲ್ಲಿ ಮಾಡಿ ಕಲಿಯಬೇಕು. ಗೊಂಬೆ ತರುತ್ತೇನೆ.

ಮನೆ 18: ಭಾನುವಾರವೇ ತನ್ನಿ ಮೇಡಂ. ಮೂಲೆ ಸೈಟಿನ ವಿಷಯವೂ ಇದೆ. ಲಿಫ್ಟಿಗೆ ತೆಗೆದ ಗುಂಡಿಯಲ್ಲಿ ಮಳೆನೀರು ನಿಂತಿದೆ. ಪಕ್ಕದ ಶೆಡ್ಡಿನಲ್ಲಿ ಮೂರು ಚಿಕ್ಕ ಮಕ್ಕಳು. ಅವರ ಅಪ್ಪ ಅಮ್ಮ ಈ ಗುಂಪಿನಲ್ಲಿಲ್ಲ, ನಾವೇ ಮಾತಾಡಬೇಕು.

ಮನೆ 25: ಮೇಸ್ತ್ರಿ ನನಗೆ ಗೊತ್ತು. ಇವತ್ತೇ ನೀರು ಪಂಪ್ ಮಾಡಿಸಿ, ಮೇಲೆ ಹಲಗೆ ಹೊದಿಸಿ, ಸುತ್ತ ತಗಡು ಕಟ್ಟಿಸುತ್ತೇನೆ. ಭಾನುವಾರದವರೆಗೆ ಕಾಯುವುದು ಬೇಡ.

ಮನೆ 18: ಹಾಗಾದರೆ ಭಾನುವಾರ 7.30, ಗಣಪತಿ ಗುಡಿ ಮುಂದೆ. ವೆಲ್ಡರ್ ಬರುತ್ತಾರೆ, ಮನೆ ಮನೆ ಅಳತೆ ತೆಗೆದುಕೊಳ್ಳುತ್ತಾರೆ. ಬಾಡಿಗೆ ಮನೆಯವರು ಓನರ್‌ಗೆ ಇವತ್ತೇ ಹೇಳಿ. ಅವರು ದುಡ್ಡು ಕೊಡದಿದ್ದರೆ ಆಮೇಲೆ ಜಗಳ ಮಾಡೋಣ, ಮೊದಲು ಗ್ರಿಲ್ ಕೂರಲಿ.

ಮನೆ 31: ಈಗ ಕೆಳಗೆ ಹೋಗಿ ನಮ್ಮದನ್ನು ನೋಡಿ ಬಂದೆ. ಬೀಗ ಇದೆ. ಬೀಗ ಹಾಕುವ ಕೊಂಡಿ ತುಕ್ಕು ಹಿಡಿದು ಕೈಗೇ ಬಂತು. ನಮ್ಮ ಮನೆಯನ್ನೂ ಬರೆದುಕೊಳ್ಳಿ.