ಸಹಾಯ ಬೇಕು: ಒಟೊಸಿಂಕ್ಲಸ್ ಮೀನುಗಳು ಸಾಯುತ್ತಿವೆ

ನಮಸ್ಕಾರ. ನಾನಿರುವುದು ವಿಜಯನಗರದಲ್ಲಿ. ಮನೆಯಲ್ಲಿ ಗಿಡ ನೆಟ್ಟ 60 ಲೀಟರ್ ಟ್ಯಾಂಕ್ ಇದೆ, ಎಂಟು ತಿಂಗಳು ಹಳೆಯದು. ಗಾಜಿನ ಮೇಲೆ ಕಂದು ಪಾಚಿ ಜಾಸ್ತಿಯಾಯಿತು ಅಂತ ಮೂರು ವಾರದ ಹಿಂದೆ ಪಾಚಿ ತಿನ್ನುವ ಆರು ಒಟೊಸಿಂಕ್ಲಸ್ ತಂದೆ. ನಾಲ್ಕೇ ದಿನದಲ್ಲಿ ಗಾಜು ಫಳಫಳ! ಈಗ ನೋಡಿದರೆ ಎರಡು ಸತ್ತಿವೆ. ಇನ್ನೊಂದರ ಹೊಟ್ಟೆ ಒಳಗೆ ಹೋಗಿದೆ.

ಪಾಚಿ ಮುಗಿದು ಹಸಿವಾಗಿದೆ ಅಂತ ನನ್ನ ಅನುಮಾನ. ಸೌತೆಕಾಯಿ ಬಿಲ್ಲೆ ಬೇಯಿಸಿ ಚಮಚಕ್ಕೆ ಸಿಕ್ಕಿಸಿ ಇಳಿಸಿದೆ, ಹತ್ತಿರವೂ ಬರಲಿಲ್ಲ. (ಅಮ್ಮ "ಮೀನಿಗೂ ಕೋಸಂಬರಿನಾ?" ಅಂತ ನಗುತ್ತಾರೆ.) ಪಾಚಿಯಿಂದ ಮಾಡಿದ ಮೀನಿನ ತಿಂಡಿ ಮಾತ್ರೆ ಹಾಕಿದರೆ ಜೊತೆಗಿರುವ ಗಪ್ಪಿ ಮೀನುಗಳೇ ಮುಗಿಸುತ್ತವೆ.

ನೀರಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಯಾವಾಗಲೂ ಕ್ಲೋರಿನ್ ತೆಗೆದ ಕಾವೇರಿ ನೀರೇ ಹಾಕುವುದು. ಆದರೆ ಕಳೆದ ವಾರ ನಲ್ಲಿಯಲ್ಲಿ ನೀರು ಬರಲಿಲ್ಲ, ಟ್ಯಾಂಕರಿನ ಬೋರ್‌ವೆಲ್ ನೀರಲ್ಲಿ ಅರ್ಧ ಬದಲಿಸಿಬಿಟ್ಟೆ. ಗಡಸು ನೀರು. ಒಮ್ಮೆಲೇ ಅಷ್ಟು ಬದಲಿಸಬಾರದಿತ್ತು, ಅಲ್ವಾ?

ನಿಮ್ಮ ಒಟೊಗಳಿಗೆ ಏನು ತಿನ್ನಿಸುತ್ತೀರಿ? ಬಕೆಟ್ ನೀರಲ್ಲಿ ಕಲ್ಲು ಹಾಕಿ, ಬಾಲ್ಕನಿ ಬಿಸಿಲಲ್ಲಿಟ್ಟು ಪಾಚಿ ಬೆಳೆಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಬೇಕು? "ಸುಮ್ನೆ ಪ್ಲೆಕೊ ತಗೊಳ್ಳಿ" ಅನ್ನಬೇಡಿ, ಪಾಚಿ ತಿನ್ನುವ ಆ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಉಳಿದ ನಾಲ್ಕನ್ನಾದರೂ ಉಳಿಸಿಕೊಳ್ಳಬೇಕು.