ಬಿಯಾಟ್ರಿಸ್ ಶಿಲ್ಲಿಂಗ್: ರೇಸ್ ಹುಚ್ಚು ಕೆಲಸಕ್ಕೆ ಬಂತಾ?

ಗೇರ್‌ಬಾಕ್ಸ್: 1934ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕನ್ನು ಗಂಟೆಗೆ 106 ಮೈಲಿ ವೇಗದಲ್ಲಿ ಓಡಿಸಿ, ಗಂಟೆಗೆ 100 ಮೈಲಿ ದಾಟಿ ಸುತ್ತು ಹಾಕಿದವರಿಗೆ ಅಲ್ಲಿ ಕೊಡುತ್ತಿದ್ದ ಗೋಲ್ಡ್ ಸ್ಟಾರ್ ಗೆದ್ದವರು ಬಿಯಾಟ್ರಿಸ್ ಶಿಲ್ಲಿಂಗ್. ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಕಾರ್ಬ್ಯುರೇಟರ್ (ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಕೆಲಸ. ಅವರು ಮಾಡಿದ ತೂತಿನ ಬಿಲ್ಲೆಯಿಂದಲೇ ಬ್ರಿಟನ್ ವಾಯುಯುದ್ಧ ಗೆದ್ದಿತು. ರೇಸ್ ಓಡಿಸದವರಿಗೆ ಇದು ಹೊಳೆಯುತ್ತಲೇ ಇರಲಿಲ್ಲ.

ಹಳೇಎಂಜಿನ್: "ಬಿಲ್ಲೆಯಿಂದಲೇ" ಅಂತೆ! ಆ ವಾಯುಯುದ್ಧ, ಅಂದರೆ ಜರ್ಮನರ ವಿರುದ್ಧದ ಬ್ಯಾಟಲ್ ಆಫ್ ಬ್ರಿಟನ್, ಮುಗಿದದ್ದು 1940ರಲ್ಲಿ, ಬಿಲ್ಲೆ ಬಂದದ್ದು 1941ರಲ್ಲಿ. ಇನ್ನು, ಅವರು ಮ್ಯಾಂಚೆಸ್ಟರ್‌ನಲ್ಲಿ ಎಲೆಕ್ಟ್ರಿಕಲ್ ಓದಿ, ಆಮೇಲೆ ಮೆಕ್ಯಾನಿಕಲ್‌ನಲ್ಲಿ ಎಂಎಸ್ಸಿ ಮಾಡಿದವರು. ಹೊಳೆದದ್ದು ಆ ಓದಿನಿಂದ.

ಗೇರ್‌ಬಾಕ್ಸ್: ಯುದ್ಧ 1945ರವರೆಗೂ ನಡೆಯಿತು ಸ್ವಾಮಿ. ಪೈಲಟ್ ದಿಢೀರನೆ ವಿಮಾನದ ಮೂಗು ತಗ್ಗಿಸಿದರೆ ನಮ್ಮ ಹೀರೋಯಿನ್ ಕಾಲದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ ಕೆಮ್ಮುತ್ತಿತ್ತು. ಮೊದಲು ಪೆಟ್ರೋಲ್ ಸಿಗದೆ, ಮರುಕ್ಷಣ ಜಾಸ್ತಿಯಾಗಿ. ಜರ್ಮನರ ಮೆಸ್ಸರ್‌ಷ್ಮಿಟ್ ವಿಮಾನಕ್ಕೆ ಫ್ಯೂಯೆಲ್ ಇಂಜೆಕ್ಷನ್ (ಪಂಪಿನಿಂದ ಎಂಜಿನ್ನಿಗೆ ನೇರ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇತ್ತು, ಅದಕ್ಕೇ ಧುಮುಕಿ ಪಾರಾಗುತ್ತಿತ್ತು. ಬಿಲ್ಲೆ ಹಾಕಿದ ಮೇಲೆ ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲ್ ಹರಿಯಿತು. ಇಂಥ ಹೆಂಗಸು, "ನೀನೂ ಗೋಲ್ಡ್ ಸ್ಟಾರ್ ಗೆದ್ದು ಬಾ, ಆಮೇಲೆ ಮದುವೆ" ಅಂತ ಹುಡುಗನಿಗೇ ಷರತ್ತು ಹಾಕಿದ್ದರು!

ಸುಮ್ನೆಓದುಗ: ಷರತ್ತು ಹಾಕಿದ್ದನ್ನು ಕೇಳಿಸಿಕೊಂಡವರು ಯಾರು? ಜಾರ್ಜ್ ನೇಯ್ಲರ್ ಜೊತೆ 1938ರಲ್ಲಿ ಮದುವೆ ಆಯಿತು, ಅಷ್ಟು ನಿಜ. ಉಳಿದದ್ದು ಬಾಯಿಂದ ಬಾಯಿಗೆ ಬಂದ ಕತೆ.

ಗೇರ್‌ಬಾಕ್ಸ್: ಎಲ್ಲರೂ ಹೇಳುವ ಕತೆ ಸುಳ್ಳಾಗುತ್ತದಾ?

ಸುಮ್ನೆಓದುಗ: ಎಲ್ಲರೂ ಹೇಳುತ್ತಾರೆ ಅನ್ನೋದೇ ಸಾಕ್ಷಿನಾ? ಬಹಳ ಚೆನ್ನಾಗಿದೆ.

ಮೀರಾ_ಎಂ: ಗೋಲ್ಡ್ ಸ್ಟಾರ್ ಗೆದ್ದ ಹೆಂಗಸರು ಒಟ್ಟು ಮೂರೇ ಜನ. ಅಂಥವರ ಬಗ್ಗೆ ಮಾತು ಶುರು ಮಾಡಿ ಕೊನೆಗೆ ಗಂಡನ ಹತ್ತಿರ ಬಂದು ನಿಂತಿರಿ. ನಾಚಿಕೆ ಆಗಲ್ವಾ?

ಗೇರ್‌ಬಾಕ್ಸ್: ನಾಚಿಕೆ ಯಾಕಮ್ಮ? ಷರತ್ತು ಹಾಕಿದವರು ಅವರೇ ಅಲ್ವಾ, ಗಂಡ ಅಲ್ಲವಲ್ಲ.

ಮೀರಾ_ಎಂ: "ಅಮ್ಮ" ಅಂತ ಕರೆದು ಬುದ್ಧಿ ಹೇಳಬೇಡಿ. ಯುದ್ಧ ಮುಗಿದ ಮೇಲೆ ಕಾರ್ ರೇಸಿಗೂ ಇಳಿದರು, ಅದನ್ನು ಯಾರಾದರೂ ಎತ್ತಿದಿರಾ?

ಹಳೇಎಂಜಿನ್: ಕಾರ್ ಓಡಿಸಿದರೆ ವಿಜ್ಞಾನ ಬೆಳೆಯಲ್ಲ. ಬಿಲ್ಲೆಯೂ ತಾತ್ಕಾಲಿಕ ಉಪಾಯ. ಕೊನೆಗೆ ಕಾರ್ಬ್ಯುರೇಟರನ್ನೇ ಬದಲಾಯಿಸಿದರು.

ಗೇರ್‌ಬಾಕ್ಸ್: "ತಾತ್ಕಾಲಿಕ"! ಆ ತಾತ್ಕಾಲಿಕದಲ್ಲಿ ಜೀವ ಉಳಿಸಿಕೊಂಡ ಪೈಲಟ್‌ಗಳ ಮುಂದೆ ನಿಂತು ಹೇಳಿ ಸಾರ್ ಇದನ್ನ.

ಸುಮ್ನೆಓದುಗ: ಅದೆಲ್ಲ ಇರಲಿ. ಷರತ್ತಿಗೆ ಸಾಕ್ಷಿ ಎಲ್ಲಿ?