ಎರಡು ಹಲ್ಲಿನ ಖಿಲಾರಿ ಹೋರಿಗೆ 1,35,000 ಹೇಳುತ್ತಿದ್ದಾರೆ, ಕೊಡಬಹುದಾ?

ಸಂಖದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಮಹಾರಾಷ್ಟ್ರದ ಜತ್ತ ತಾಲೂಕಿನ ಸಂಖ ಕಡೆಯವನು. ಮನೆಯಲ್ಲಿ ಖಿಲಾರಿ ತಳಿಯ ಆರು ಆಕಳು ಇವೆ. ಊರಲ್ಲಿದ್ದ ಬೀಜದ ಹೋರಿ ಹೋದ ವರ್ಷ ಸತ್ತಿತು. ಈಗ ಆಕಳು ಬೆದೆಗೆ ಬಂದರೆ ಹನ್ನೆರಡು ಕಿಲೋಮೀಟರ್ ಹೊಡೆದುಕೊಂಡು ಹೋಗಬೇಕು. ಅದಕ್ಕೆ ನಾವೇ ಒಂದು ಹೋರಿ ಕಟ್ಟೋಣ ಅಂತ ಅಪ್ಪ ಹೇಳಿದ್ದಾರೆ.

ಆಟಪಾಡಿ ಕಡೆ ಒಂದು ನೋಡಿ ಬಂದೆವು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಈಗಷ್ಟೇ ಬಂದಿವೆ. ಕೋಡು ಬುಡದಲ್ಲಿ ಹತ್ತಿರ ಹತ್ತಿರ ಇದ್ದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿವೆ. ಗೊರಸು ಕಪ್ಪು. ಎದೆ ಸುತ್ತಳತೆ 60 ಅಂಗುಲ, ಮೈ ಉದ್ದ 50. ಇದರ ತಂದೆ ಗಾಡಿ ಓಟದ ಶರತ್ತಿನಲ್ಲಿ ಗೆದ್ದದ್ದಂತೆ, ಅದಕ್ಕೇ 1,35,000 ಹೇಳುತ್ತಾರೆ. ಇಣಿಯ (ಬೆನ್ನಿನ ಡುಬ್ಬದ) ಹಿಂದೆ ಕೂದಲಿನ ಒಂದು ಸುಳಿ ಇದೆ, ಅದು ಅಪಶಕುನ ಅಂತ ಮಾವ ಬೇಡವೇ ಬೇಡ ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

ಉಮದಿ ಕಾಕಾ:
ತಮ್ಮಾ, ಕೋಡು, ಗೊರಸು ಎಲ್ಲ ಬರೆದಿದ್ದೀಯ. ತಾಯಿ ಬಗ್ಗೆ ಒಂದು ಸಾಲೂ ಇಲ್ಲ. ಬೀಜ (ವೃಷಣ) ಹಿಡಿದು ನೋಡಿದೆಯಾ ಅಂತಲೂ ಇಲ್ಲ. ನೀನು ಕಟ್ಟುವುದು ಬೀಜದ ಹೋರಿ ಅಲ್ವಾ?

ಹದಿನೈದು ವರ್ಷದ ಹಿಂದೆ ಖರಸುಂಡಿ ಜಾತ್ರೆಯಲ್ಲಿ ನಾನೂ ಕೋಡಿಗೆ ಮರುಳಾಗಿ ಒಂದನ್ನು ತಂದೆ. ದಾರಿಯಲ್ಲಿ ಜನ ನಿಂತು ನೋಡುತ್ತಿದ್ದರು. ಆ ವರ್ಷ ಊರಿನ ಹದಿನಾಲ್ಕು ಆಕಳಿಗೆ ಬಿಟ್ಟೆ. ಗಬ್ಬ ನಿಂತದ್ದು ಮೂರು. ಉಳಿದವು ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬಂದವು. ಆಮೇಲೆ ಕೈ ಹಾಕಿ ನೋಡಿದರೆ ಒಂದು ಬೀಜ ಸರಿ ಇತ್ತು, ಇನ್ನೊಂದು ಲಿಂಬೆಕಾಯಿಯಷ್ಟು. ಬಡವರ ಮನೆಯ ಆಕಳುಗಳ ಒಂದು ಸೂಲು ನನ್ನಿಂದ ಹಾಳಾಯಿತು. ಇವತ್ತಿಗೂ ಅದು ನನಗೆ ನೋವು.

ಅದಕ್ಕೆ ಹೇಳುತ್ತೇನೆ, ಬೆಳಿಗ್ಗೆ ಮೇವು ಹಾಕುವ ಮೊದಲೇ ಹೋಗು. ಸಾಕಿದವರು ಮೂಗುದಾರ ಹಿಡಿದಿರಲಿ, ನೀನು ಹಿಂದಿನಿಂದ ಮೆಲ್ಲಗೆ ಕೈ ಹಾಕು. ಎರಡೂ ಒಂದೇ ಗಾತ್ರ ಇರಬೇಕು, ಚೀಲದೊಳಗೆ ಸರಾಗ ಜಾರಬೇಕು, ಒತ್ತಿದರೆ ಬಿಗಿ ಇರಬೇಕು. ಗಂಟು ಸಿಕ್ಕರೆ, ಮೆತ್ತಗೆ ಅನಿಸಿದರೆ, ನೋವಿಗೆ ಕಾಲು ಎತ್ತಿದರೆ ಅಲ್ಲಿಂದ ಎದ್ದು ಬಾ. ಹೊಕ್ಕಳ ತೊಗಲು ಹೊಟ್ಟೆಗೆ ಅಂಟಿದ ಹಾಗಿರಬೇಕು. ಜೋತುಬಿದ್ದರೆ ಜಾಲಿ ಮುಳ್ಳು ಗೀರಿ ಹುಣ್ಣಾಗುತ್ತದೆ. ಆಮೇಲೆ ನಡೆಸಿ ನೋಡು. ಆಕಳಿನ ಮೇಲೆ ಹಾರುವಾಗ ಭಾರವೆಲ್ಲ ಹಿಂಗಾಲಿನ ಮೇಲೆಯೇ ಬೀಳುವುದು.

ತಾಯಿಯನ್ನು ತೋರಿಸಿ ಅನ್ನು. ಎಷ್ಟು ಸೂಲು, ನಡುವೆ ಎಷ್ಟು ತಿಂಗಳು, ಎಲ್ಲ ಕೇಳು. ಖಿಲಾರಿ ಹಾಲಿನ ತಳಿ ಅಲ್ಲ, ನಿಜ. ಆದರೆ ಸ್ವಂತ ಕರುವಿಗೇ ಹಾಲು ಸಾಲದ ಆಕಳಿನ ಮಗನನ್ನು ಕಟ್ಟಬೇಡ.

ಸುಳಿಗೂ ಗಬ್ಬಕ್ಕೂ ಸಂಬಂಧ ಇಲ್ಲ. ಆದರೆ ನಾಳೆ ನೀನು ಮಾರುವಾಗ ಕೊಳ್ಳುವವನೂ ನಿಮ್ಮ ಮಾವನ ಹಾಗೇ ಹೇಳುತ್ತಾನೆ. ಆ ದುಡ್ಡನ್ನು ಈಗಲೇ ಕಡಿಮೆ ಮಾಡಿಸು.

ಅಕ್ಕಲಕೋಟದ ಅಕ್ಕ:
ಕಾಕಾ ಹೇಳಿದ್ದೆಲ್ಲ ಸರಿ. ನನ್ನದೊಂದು ಮಾತು ಇದೆ ತಮ್ಮಾ, ರಕ್ತ ಪರೀಕ್ಷೆ ಆಗದೆ ಸಂಚಕಾರ (ಮುಂಗಡ ದುಡ್ಡು) ಕೊಡಬೇಡ. ನಮ್ಮ ಆಕಳು ಏಳನೇ ತಿಂಗಳಿಗೆ ಗಬ್ಬ ಇಳಿದು ಕಂದು ಹಾಕಿತು. ಅತ್ತೆ ಬರಿಗೈಯಲ್ಲೇ ಮಾಸು ತೆಗೆದರು. ಆಮೇಲೆ ಅವರಿಗೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಕಂದು ಹಾಕಿಸಿದ ಬ್ರುಸೆಲ್ಲಾ ರೋಗವೇ ಅವರಿಗೂ ಹತ್ತಿದೆ ಅಂತ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಈ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಹಾಕುತ್ತಾರೆ, ಗಂಡಿಗೆ ಹಾಕುವುದಿಲ್ಲ. ಹೋರಿಗೆ ಪರೀಕ್ಷೆ ಒಂದೇ ದಾರಿ. ರಕ್ತ ತೆಗೆಯುವಾಗ ಕಿವಿಯ ಬಿಲ್ಲೆಯ 12 ಅಂಕಿ ಬರೆಸು, ಇಲ್ಲದಿದ್ದರೆ ಯಾವ ದನದ ಚೀಟಿ ಅಂತ ತಿಳಿಯುವುದಿಲ್ಲ.

ಮಂಗಳವೇಢೆಯವನು:
ರೇಟಿನ ಬಗ್ಗೆ. ಮೊದಲು ತೂಕ ನೋಡಿ: ಎದೆ ಸುತ್ತಳತೆ 60ನ್ನು 60ರಿಂದ, ಅದನ್ನು ಮೈ ಉದ್ದ 50ರಿಂದ ಗುಣಿಸಿ 660ರಿಂದ ಭಾಗಿಸಿ. ಸುಮಾರು 273 ಕಿಲೋ ಬರುತ್ತದೆ. ಎರಡು ಹಲ್ಲಿನ ವಯಸ್ಸಿಗೆ ಒಳ್ಳೆ ಮೈ. ಆದರೆ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶರತ್ತಿಗೆ ಅನುಮತಿ ಕೊಟ್ಟ ಮೇಲೆ ಓಡುವ ಹೋರಿಯ ಮಗ ಅಂದರೆ ಸುಮ್ನೆ ಮೂವತ್ತು ಸಾವಿರ ಜಾಸ್ತಿ ಹೇಳುತ್ತಾರೆ. ನಿಮಗೆ ಓಟ ಬೇಕಿಲ್ಲವಲ್ಲ, ಅದಕ್ಕೆ ಯಾಕೆ ದುಡ್ಡು? ನಮ್ಮೂರಲ್ಲಿ ಇಂಥದ್ದೇ ಹೋರಿ 1,05,000ಕ್ಕೆ ಹೋಯಿತು. ತಂದ ಮೇಲೆ ಮೊದಲ ವರ್ಷ ವಾರಕ್ಕೆ ಒಂದೆರಡು ಸಲಕ್ಕಿಂತ ಜಾಸ್ತಿ ಬಿಡಬೇಡಿ. ಅದರ ಮಗಳು ಬೆದೆಗೆ ಬರುವ ಹೊತ್ತಿಗೆ ಹೋರಿ ಬದಲಾಯಿಸಿ.

ಸಂಖದ ಹುಡುಗ:
ಇವತ್ತು ಬೆಳಿಗ್ಗೆ ಆರೂವರೆಗೆ ಅಲ್ಲಿದ್ದೆ. ಬೀಜ ಎರಡೂ ಸಮ ಇವೆ, ಗಂಟು ಇಲ್ಲ. ನಡೆಸಿದಾಗ ಎಡ ಹಿಂಗಾಲು ಗಿಡ್ಡ ಹೆಜ್ಜೆ ಹಾಕುತ್ತಿತ್ತು. ಎದೆ ಧಸಕ್ಕಂತು. ಎತ್ತಿ ನೋಡಿದರೆ ಗೊರಸಿನ ಸಂದಿಯಲ್ಲಿ ಹುಣಸೆ ಬೀಜದಷ್ಟು ಕಲ್ಲು. ತೆಗೆದ ಮೇಲೆ ನೆಟ್ಟಗೆ ನಡೆಯಿತು. ತಾಯಿ ಅಲ್ಲೇ ಕಟ್ಟಿತ್ತು, ನಾಲ್ಕನೇ ಸೂಲು. ಕರು ಕುಡಿದ ಮೇಲೂ ನನ್ನ ಎದುರೇ ಎರಡು ಲೀಟರ್ ಹಿಂಡಿದರು.

ರಕ್ತ ಕೊಟ್ಟಿದ್ದೇವೆ, ಗುರುವಾರ ಚೀಟಿ ಬರುತ್ತದೆ. ಅವರು 1,15,000ಕ್ಕೆ ಇಳಿದಿದ್ದಾರೆ, ನಾನು 1,05,000ದಲ್ಲಿ ನಿಂತಿದ್ದೇನೆ. ಕಾಕಾ, ಶುಕ್ರವಾರ ನೀವೂ ಬರುತ್ತೀರಾ? ಉಮದಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ಉಮದಿ ಕಾಕಾ:
ಬರುತ್ತೇನೆ. ಐದಕ್ಕೇ ಬಾ ತಮ್ಮಾ. ಚೀಟಿ ಮರೆಯಬೇಡ.